ದೇವರಿಗೂ ಒಂದು ಹುಟ್ಟು ಇದೆಯಾ? "ಅನಾದಿ" ಅಂದ್ಬಿಟ್ರೆ ಪ್ರಶ್ನೆ ಮುಗೀತಾ?

ಶಿರಾ_ಸೀಮೆ:
ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ತಲೇಲಿ ಕೊರೀತಿರೋ ಪ್ರಶ್ನೆ ಇದು. ಇಲ್ಲಿ ಓದ್ಕೊಂಡಿರೋರು ಇದೀರ ಅಂತ ಕೇಳ್ತಿದೀನಿ, ಜಗಳಕ್ಕಲ್ಲ.

ಜಗತ್ತನ್ನ ದೇವ್ರು ಮಾಡಿದ ಅಂತೀವಿ. ಯಾಕೆ ಅಂದ್ರೆ ಯಾವ್ದೂ ತಾನಾಗೇ ಆಗಲ್ಲ, ಮಾಡಿದೋನು ಒಬ್ಬ ಇರ್ಲೇಬೇಕು ಅಂತ. ಸರಿ, ಹಂಗಾದ್ರೆ ದೇವ್ರನ್ನ ಮಾಡಿದ್ಯಾರು? ಕೇಳಿದ ತಕ್ಷಣ "ಅವನು ಅನಾದಿ ಕಣಪ್ಪ, ಅವನಿಗೆ ಹುಟ್ಟಿಲ್ಲ" ಅಂತಾರೆ. ಹುಟ್ಟೇ ಇಲ್ದೆ ಏನೋ ಒಂದು ಇರ್ಬೋದು ಅಂತ ಒಪ್ಕೊಳೋದೇ ಆದ್ರೆ ಆ ಮಾತನ್ನ ನೇರವಾಗಿ ಜಗತ್ತಿಗೇ ಹೇಳ್ಬೋದಲ್ಲ, ಮಧ್ಯೆ ಇನ್ನೊಬ್ರು ಯಾಕೆ ಬೇಕು?

ಇದನ್ನ ನಮ್ಮ ಭಾವನ ಹತ್ರ ಕೇಳ್ದೆ. ಅವ್ರು ಎಂಜಿನಿಯರು, ಶನಿವಾರದ ಒಪ್ಪತ್ತು ಬಿಡೋರಲ್ಲ. ಅವ್ರು ತಿರುಗಿಸಿ ನನ್ನನ್ನೇ ಕೇಳಿದ್ರು, "ನಿನ್ನ ಬಿಗ್ ಬ್ಯಾಂಗ್‌ಗಿಂತ ಮುಂಚೆ ಏನಿತ್ತಪ್ಪ? ಗೊತ್ತಿಲ್ಲ ಅಂತೀಯ. ನಾನು ಅನಾದಿ ಅಂತೀನಿ. ಇಬ್ರೂ ಒಂದೇ ಕಡೆ ಹೋಗಿ ನಿಂತ್ವಿ, ಇನ್ನೇನು ವ್ಯತ್ಯಾಸ?" ವ್ಯತ್ಯಾಸ ಇದೆ ಅಂತ ನಂಗೆ ಅನ್ಸತ್ತೆ, ಆದ್ರೆ ಏನು ಅಂತ ಬಿಡಿಸಿ ಹೇಳೋಕೆ ಬರ್ತಿಲ್ಲ. ನೀವೆಲ್ಲಾ ಏನಂತೀರ?

ಬರೀ_ಓದುಗ:
ದೇವರು ಮನುಷ್ಯನನ್ನ ಮಾಡ್ಲಿಲ್ಲ, ಮನುಷ್ಯನೇ ದೇವರನ್ನ ಮಾಡಿದ್ದು. ಇಷ್ಟೇ ವಿಷಯ, ಚರ್ಚೆ ಮುಗೀತು.

ಧಾರವಾಡದ_ಮಾಸ್ತರ:
ಮುಗದಿಲ್ರಿ, ಈಗ ಸುರು ಆಗೇದ. ಮನಷ್ಯಾ ಮಾಡಿದ್ದು ಅಂತ ಹೇಳೂದು ಸುಲಭ ಐತಿ, ಆದ್ರ ಮನಷ್ಯಾ ದೇವರ ಬಗ್ಗೆ ಕಲ್ಪನಾ ಮಾಡ್ಕೊಂಡಾನ ಅನ್ನೂದಕ್ಕೂ, ದೇವರ ಇಲ್ಲ ಅನ್ನೂದಕ್ಕೂ ಭಾಳ ಫರಕ್ ಐತಿ. ಭೂಮಿ ಚಪ್ಪಟ್ ಐತಿ ಅಂತ ಮನಷ್ಯಾ ಕಲ್ಪನಾ ಮಾಡ್ಕೊಂಡಿದ್ದ, ಅದಕ್ಕ ಭೂಮೀನ ಇಲ್ಲಂತ ಆತೇನು? ಕಲ್ಪನಾ ತಪ್ಪಿರಬಹುದು. ಅಷ್ಟರಿಂದ ಎರಡನೇದು ಸಿದ್ಧ ಆಗೂದಿಲ್ಲ.

ನಾ ಆಸ್ತಿಕ ಅಲ್ಲ ಮತ್ತ. ಆದ್ರ ವಾದ ನೆಟ್ಟಗಿರಬೇಕು.

ನಕ್ಷತ್ರಿಕ:
@ಶಿರಾ_ಸೀಮೆ ವ್ಯತ್ಯಾಸ ಇದೆ, ದೊಡ್ಡದಾಗೇ ಇದೆ. ಮೊದಲು ಬಿಗ್ ಬ್ಯಾಂಗ್ ಅಂದ್ರೆ ಏನು ಅಂತ ಸರಿ ಮಾಡ್ಕೊಳೋಣ. ಖಾಲಿ ಜಾಗದಲ್ಲಿ ಏನೋ ಢಮ್ ಅಂತ ಸಿಡೀತು ಅಂತ ಅಲ್ಲ ಅದು. ಸುಮಾರು 1380 ಕೋಟಿ ವರ್ಷದ ಹಿಂದೆ ನಾವೀಗ ಕಾಣ್ತಿರೋ ವಿಶ್ವ ಇಡೀ ವಿಪರೀತ ಬಿಸಿಯಾಗಿ ಒತ್ತೊತ್ತಾಗಿ ಇತ್ತು, ಅಲ್ಲಿಂದ ಹಿಗ್ತಾ ತಣ್ಣಗಾಗ್ತಾ ಬಂತು, ಇಷ್ಟೇ ಅದು ಹೇಳೋದು. ಇದನ್ನ ಯಾರೋ ಕೂತು ಊಹೆ ಮಾಡಿದ್ದಲ್ಲ. 1965ರಲ್ಲಿ ಅಮೆರಿಕದಲ್ಲಿ ಪೆಂಜಿಯಾಸ್ ಮತ್ತೆ ವಿಲ್ಸನ್ ಅನ್ನೋ ಇಬ್ರು ತಮ್ಮ ಆಂಟೆನಾದಲ್ಲಿ ಸಿಕ್ಕ ಒಂದು ವಿಚಿತ್ರ ಸದ್ದಿನ ಬಗ್ಗೆ ಪ್ರಕಟ ಮಾಡಿದ್ರು. ಆಕಾಶದ ಯಾವ ಕಡೆ ತಿರುಗಿಸಿದ್ರೂ ಅದೇ ಗೊರಗೊರ, ಪಾರಿವಾಳದ ಹಿಕ್ಕೆಯಿಂದ ಇರ್ಬೋದು ಅಂತ ಅದನ್ನೂ ಕೆರೆದು ತೆಗೆದ್ರು, ಆದ್ರೂ ಹೋಗ್ಲಿಲ್ಲ. ಅದು ಆ ಹಳೇ ಬಿಸಿಯ ಉಳಿಕೆ, ಈಗ ಸುಮಾರು 2.7 ಕೆಲ್ವಿನ್‌ಗೆ ಇಳಿದಿದೆ. ಇಬ್ರಿಗೂ 1978ರಲ್ಲಿ ನೊಬೆಲ್ ಬಂತು.

ಈಗ ನಿಮ್ಮ ಭಾವನ ಪ್ರಶ್ನೆ. ತೀರಾ ಮೊದಲ ಕ್ಷಣಕ್ಕೆ ಹೋದಾಗ ನಮ್ಮ ಸಮೀಕರಣಗಳು ಕೈ ಕೊಡ್ತವೆ, ಅದು ನಿಜ. ಕಾಲ ಅನ್ನೋದೇ ಅಲ್ಲಿ ಶುರುವಾಗಿದ್ರೆ "ಅದಕ್ಕಿಂತ ಮುಂಚೆ" ಅನ್ನೋ ಮಾತಿಗೇ ಜಾಗ ಇಲ್ಲ, ಇಲ್ಲಾಂದ್ರೆ ಅದಕ್ಕೂ ಹಿಂದೆ ಇನ್ನೊಂದು ಸ್ಥಿತಿ ಇದ್ದಿರ್ಬೋದು, ಎರಡನ್ನೂ ಜನ ಲೆಕ್ಕ ಹಾಕ್ತಾ ಇದಾರೆ. ಆದ್ರೆ ಇಲ್ಲಿ "ಗೊತ್ತಿಲ್ಲ" ಅಂದಮೇಲೆ ಕೆಲಸ ಶುರುವಾಗತ್ತೆ. ಯಾವ ಅಳತೆ ಸಿಕ್ಕರೆ ಯಾವ ಊಹೆ ಸಾಯತ್ತೆ ಅಂತ ಮೊದಲೇ ಬರ್ದಿಟ್ಟಿರ್ತಾರೆ. ಬಿಗ್ ಬ್ಯಾಂಗ್ ಅನ್ನೋ ಹೆಸರನ್ನ ಕೊಟ್ಟಿದ್ದೇ ಅದನ್ನ ಒಪ್ಪದ ಬ್ರಿಟನ್ನಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್, 1949ರ ಬಿಬಿಸಿ ರೇಡಿಯೋ ಭಾಷಣದಲ್ಲಿ. ಅವ್ರ ಪ್ರಕಾರ ವಿಶ್ವಕ್ಕೆ ಶುರುನೇ ಇಲ್ಲ, ಅಂದ್ರೆ ಅದೂ ಒಂಥರಾ "ಅನಾದಿ"ನೇ. ನಮ್ಮ ಜಯಂತ ನಾರ್ಳೀಕರ್ ಅವ್ರ ಶಿಷ್ಯರು, ಅವ್ರ ಜೊತೆಗೇ ಕೆಲಸ ಮಾಡಿದೋರು. ಆದ್ರೆ 1965ರ ಆ ಸದ್ದು ಸಿಕ್ಕಮೇಲೆ ಹೆಚ್ಚಿನ ವಿಜ್ಞಾನಿಗಳು ಆ ಸಿದ್ಧಾಂತ ಬಿಟ್ರು. ನಿಮ್ಮ ಭಾವನ "ಅನಾದಿ"ನ ಬೀಳಿಸೋ ಅಳತೆ ಯಾವ್ದು ಅಂತ ಕೇಳಿ ನೋಡಿ. ವ್ಯತ್ಯಾಸ ಅಲ್ಲಿದೆ.

ಶಿರಾ_ಸೀಮೆ:
@ನಕ್ಷತ್ರಿಕ ಇದು ಬೇಕಾಗಿತ್ತು ನಂಗೆ! ಕೇಳ್ತೀನಿ ಖಂಡಿತ.

ಶ್ವೇತವರಾಹ:
ಇಷ್ಟೆಲ್ಲಾ ದೂರ ಹೋಗೋದ್ಯಾಕೆ, ನಮ್ಮ ಋಷಿಗಳು ಇದನ್ನೆಲ್ಲಾ ಯಾವತ್ತೋ ಹೇಳಿಟ್ಟಿದಾರೆ. ಒಂದು ಕಲ್ಪ ಅಂದ್ರೆ 432 ಕೋಟಿ ವರ್ಷ, ಭೂಮಿ ವಯಸ್ಸು ವಿಜ್ಞಾನಿಗಳು ಹೇಳೋದು ಸುಮಾರು 454 ಕೋಟಿ. ಟೆಲಿಸ್ಕೋಪ್ ಇಲ್ದೆ ಇಷ್ಟು ಹತ್ರ ಬಂದಿದ್ದು ಹೆಂಗೆ? ವಿಜ್ಞಾನ ಈಗ ನಮ್ಮ ಶಾಸ್ತ್ರದ ಹಿಂದೆ ಬರ್ತಾ ಇದೆ ಅಷ್ಟೇ.

ಮೇಲುಕೋಟೆ_ಮೆಟ್ಟಿಲು:
@ಶ್ವೇತವರಾಹ ಸ್ವಾಮಿ, ನಾನು ಸಂಸ್ಕೃತ ಪಾಠಶಾಲೇಲಿ ಓದಿದೋನು, ಶಾಸ್ತ್ರದ ಮೇಲೆ ನನಗೂ ಭಕ್ತಿ ಇದೆ, ಅದಕ್ಕೇ ಹೇಳ್ತೀನಿ, ಈ ಹೋಲಿಕೆ ನಿಲ್ಲಲ್ಲ. 432 ಕೋಟಿ ಅನ್ನೋದು ಬ್ರಹ್ಮನ ಒಂದು ಪೂರ್ತಿ ಹಗಲು. ಈಗ ಆ ಹಗಲಲ್ಲಿ ನಾವು ಎಲ್ಲಿದೀವಿ? ಪೂಜೆ ಸಂಕಲ್ಪದಲ್ಲೇ ಹೇಳ್ತೀರಲ್ಲ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಮೊದಲ ಪಾದ. ಆ ಲೆಕ್ಕ ಕೂಡಿಸಿ ನೋಡಿ, ಈ ಕಲ್ಪ ಶುರುವಾಗಿ ಕಳೆದಿರೋದು ಸುಮಾರು 197 ಕೋಟಿ ವರ್ಷ. 454 ಎಲ್ಲಿ, 197 ಎಲ್ಲಿ? ಹೊಂದೋ ಅಂಕಿ ಹಿಡ್ಕೊಂಡು ಹೊಂದದ ಅಂಕಿ ಬಿಡೋದು ಶಾಸ್ತ್ರಕ್ಕೂ ಮರ್ಯಾದೆ ಅಲ್ಲ, ವಿಜ್ಞಾನಕ್ಕೂ ಅಲ್ಲ.

ಶ್ವೇತವರಾಹ:
ಅಂಕಿ ಹೆಚ್ಚು ಕಮ್ಮಿ ಇರ್ಬೋದು, ಆದ್ರೆ ಬೇರೆ ದೇಶದೋರು ಜಗತ್ತಿಗೆ 6 ಸಾವಿರ ವರ್ಷ ಅಂತಿದ್ದಾಗ ಕೋಟಿಗಳಲ್ಲಿ ಯೋಚನೆ ಮಾಡಿದೋರು ನಾವು. ಅದು ಸುಮ್ನೆ ಅಲ್ಲ. ಅಷ್ಟು ದೊಡ್ಡ ಕಾಲನ ಮನಸಲ್ಲಿ ಹಿಡಿಯೋ ಧೈರ್ಯನೇ ದೊಡ್ಡದು ಅಂತೀನಿ ನಾನು.

ಮೇಲುಕೋಟೆ_ಮೆಟ್ಟಿಲು:
ಅದನ್ನ ಪೂರ್ತಿ ಒಪ್ತೀನಿ.

ಟೊರಾಂಟೋ_ಕನ್ನಡಿಗ:
ಈ ಅಂಕಿ ಹೊಂದಿಸೋ ಆಸೆ ನಮ್ಮೋರಿಗೆ ಮಾತ್ರ ಅಲ್ಲ. ಬಿಗ್ ಬ್ಯಾಂಗ್ ಯೋಚನೆಯನ್ನ ಮೊದಲು ಗಟ್ಟಿಯಾಗಿ ಮಂಡಿಸಿದೋರು ಯಾರು ಗೊತ್ತಾ? ಜಾರ್ಜ್ ಲೆಮೆತ್ರ್ ಅಂತ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ತಿದೆ ಅಂತ 1927ರಲ್ಲಿ ಬರೆದ್ರು, 1931ರಲ್ಲಿ ಎಲ್ಲಾ ಒಂದು ಆದಿಪರಮಾಣುವಿಂದ ಶುರುವಾಗಿರ್ಬೇಕು ಅಂದ್ರು. ಆಮೇಲೆ 1951ರಲ್ಲಿ ಆಗಿನ ಪೋಪ್ 12ನೇ ಪಯಸ್ ಒಂದು ಭಾಷಣದಲ್ಲಿ ವಿಜ್ಞಾನ ಈಗ ಸೃಷ್ಟಿಯನ್ನೇ ಸಾಕ್ಷಿ ಹೇಳ್ತಿದೆ ಅನ್ನೋ ಧಾಟಿಯಲ್ಲಿ ಮಾತಾಡಿದ್ರು. ಯಾರಿಗಾದ್ರೂ ಖುಷಿ ಆಗ್ಬೇಕಲ್ಲ, ಪಾದ್ರಿ ಲೆಮೆತ್ರ್‌ಗೆ ಕಸಿವಿಸಿ ಆಯ್ತು. ನನ್ನ ಸಿದ್ಧಾಂತ ದೇವರ ಪರನೂ ಅಲ್ಲ ವಿರುದ್ಧನೂ ಅಲ್ಲ ಅನ್ನೋದು ಅವರ ನಿಲುವು, ಪೋಪ್‌ಗೆ ಸಲಹೆ ಕೊಡೋರ ಮೂಲಕ ಆ ಥರದ ಮಾತು ನಿಲ್ಲೋ ಹಾಗೆ ನೋಡ್ಕೊಂಡ್ರು. ನಾಳೆ ಸಿದ್ಧಾಂತ ಬದಲಾದ್ರೆ ನಂಬಿಕೆ ಕಥೆ ಏನಾಗತ್ತೆ? ಬೆಳಿಗ್ಗೆ ಪೂಜೆ ಮಾಡಿ ಮಧ್ಯಾಹ್ನ ಸಮೀಕರಣ ಬರೀತಿದ್ದ ಮನುಷ್ಯನಿಗೆ ಅದು ಅರ್ಥ ಆಗಿತ್ತು. ವಿಶ್ವ ಹಿಗ್ಗೋ ವೇಗ ಹೇಳೋ ಹಬಲ್ ನಿಯಮಕ್ಕೆ ಹಬಲ್-ಲೆಮೆತ್ರ್ ನಿಯಮ ಅಂತ ಕರೀಬೇಕು ಅಂತ 2018ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದವ್ರು ಮತ ಹಾಕಿ ಶಿಫಾರಸು ಮಾಡಿದ್ರು, ತಡವಾಗಿಯಾದ್ರೂ.

ಬೆಳಗೊಳದ_ಬೆಟ್ಟ:
ಮೂಲ ಪ್ರಶ್ನೆಗೆ ಬರ್ತೀನಿ. "ದೇವ್ರನ್ನ ಮಾಡಿದ್ಯಾರು, ಜಗತ್ತೇ ಅನಾದಿ ಅನ್ಬೋದಲ್ಲ" ಅನ್ನೋದು ಹೊಸ ಕಾಲದ ನಾಸ್ತಿಕರ ಪ್ರಶ್ನೆ ಅಂತ ಸುಮಾರು ಜನ ಅಂದ್ಕೊಂಡಿದಾರೆ. ನಮ್ಮ ನೆಲದಲ್ಲೇ ಸಾವಿರ ವರ್ಷಕ್ಕೂ ಹಿಂದೆ ಇದನ್ನ ಕೇಳಿದಾರೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಇದ್ನಲ್ಲ, ಮಳಖೇಡದಿಂದ ಆಳ್ತಿದ್ದೋನು, ಅವನಿಗೆ ಗುರುಗಳಾಗಿದ್ದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನ ವಾದನ ಒಂದೊಂದಾಗಿ ಬಿಡಿಸ್ತಾರೆ. ಜಗತ್ತು ಮಾಡೋಕೆ ಮುಂಚೆ ಅವನು ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡ್ದ? ಸಾಮಗ್ರಿ ಮೊದಲು ಮಾಡ್ಕೊಂಡ ಅಂದ್ರೆ ಅದನ್ನ ಯಾವ್ದರಿಂದ ಮಾಡ್ದ, ಹೀಗೆ ಕೊನೆನೇ ಇಲ್ಲ. ಸಾಮಗ್ರಿ ತಾನಾಗೇ ಇತ್ತು ಅಂದ್ರೆ ಜಗತ್ತೂ ತಾನಾಗೇ ಇರ್ಬೋದಲ್ಲ. ಅವನು ಪರಿಪೂರ್ಣ ಅಂದ್ರೆ ಮಾಡ್ಬೇಕು ಅನ್ನೋ ಆಸೆ ಎಲ್ಲಿಂದ ಬಂತು? 9ನೇ ಶತಮಾನದ ಮಾತಿದು! ಇದೇ ಪುರಾಣದ ಕಥೆನ ಆಮೇಲೆ ಪಂಪ 941ರಲ್ಲಿ ಕನ್ನಡಕ್ಕೆ ತಂದಿದ್ದು.

ನಮ್ಮ ಜೈನರಲ್ಲಿ ವಿಶ್ವಕ್ಕೆ ಆದಿನೂ ಇಲ್ಲ, ಮಾಡಿದೋನೂ ಇಲ್ಲ. ಆದ್ರೂ ದಿನಾ ಬಸದಿಗೆ ಹೋಗ್ತೀವಿ, ಬಾಹುಬಲಿ ಮುಂದೆ ಕೈ ಮುಗೀತೀವಿ. ಸೃಷ್ಟಿಕರ್ತ ಇಲ್ಲ ಅಂದಕೂಡ್ಲೇ ಧರ್ಮ ಬಿದ್ದೋಗತ್ತೆ ಅನ್ನೋರು ನಮ್ಮನ್ನ ನೋಡ್ಬೇಕು.

ಬರೀ_ಓದುಗ:
ಇದು ಗೊತ್ತಿರ್ಲಿಲ್ಲ. ಶಾಲೇಲಿ ಅಮೋಘವರ್ಷ ಅಂದ್ರೆ ಕವಿರಾಜಮಾರ್ಗ ಅಂತ ಒಂದು ಮಾರ್ಕಿನ ಪ್ರಶ್ನೆ ಅಷ್ಟೇ ಓದಿದ್ದು.

ಭಟ್ಕಳ_ಬಂದರ್:
@ಶಿರಾ_ಸೀಮೆ ಅಣ್ಣಾ, ನಿಮ್ಮ ಪ್ರಶ್ನೆಯಲ್ಲೇ ಒಂದು ತಿದ್ದುಪಡಿ ಬೇಕು. ನೀವು "ಪ್ರತಿಯೊಂದಕ್ಕೂ ಮಾಡಿದೋನು ಬೇಕು" ಅಂತ ಇಟ್ಕೊಂಡಿದೀರ. ಆಸ್ತಿಕರ ಗಟ್ಟಿ ವಾದ ಹಾಗಿಲ್ಲ. "ಶುರುವಾದ ಪ್ರತಿಯೊಂದಕ್ಕೂ ಕಾರಣ ಬೇಕು" ಅಂತ ಇರೋದು. ಇಮಾಮ್ ಗಜಾಲಿ ಅವರು ಸುಮಾರು 900 ವರ್ಷದ ಹಿಂದೆ ಇದನ್ನ ಹೀಗೇ ಇಟ್ರು. ಜಗತ್ತು ಶುರುವಾಗಿದೆ, ಆದ್ದರಿಂದ ಅದಕ್ಕೆ ಕಾರಣ ಇದೆ. ದೇವರು ಶುರುವಾದವನಲ್ಲ, ಹಾಗಾಗಿ ಅವನಿಗೆ ಕಾರಣ ಕೇಳೋ ಪ್ರಶ್ನೆ ಏಳೋದಿಲ್ಲ. ನಾವು ದಿನಾ ನಮಾಜಲ್ಲಿ ಓದೋ ಸಣ್ಣ ಸೂರಾದಲ್ಲೇ ಇದೆ, ಅವನು ಯಾರನ್ನೂ ಹೆತ್ತಿಲ್ಲ, ಯಾರಿಂದಲೂ ಹುಟ್ಟಿಲ್ಲ ಅಂತ. ನನಗೆ ಚಿಕ್ಕಂದಿನಿಂದ ಇದರಲ್ಲಿ ದೊಡ್ಡ ನೆಮ್ಮದಿ ಸಿಕ್ಕಿದೆ, ಹೇಳ್ಕೊಳೋಕೆ ಸಂಕೋಚ ಇಲ್ಲ.

ನಕ್ಷತ್ರಿಕ:
@ಭಟ್ಕಳ_ಬಂದರ್ ತಿದ್ದುಪಡಿ ಸರಿ, ಆದ್ರೆ ಆ ವಾದದ ಎರಡನೇ ಹೆಜ್ಜೆನೇ ನಮಗೆ ಗೊತ್ತಿಲ್ದೇ ಇರೋದು. ಜಗತ್ತು ನಿಜಕ್ಕೂ ಶುರುವಾಯ್ತಾ? ಈಗಿನ ಸ್ಥಿತಿ ಶುರುವಾಯ್ತು ಅಂತ ಗೊತ್ತು. ಎಲ್ಲದರ ಶುರುವೂ ಅದೇ ಅಂತ ಗೊತ್ತಿಲ್ಲ. ಇನ್ನು "ಶುರುವಾದದ್ದಕ್ಕೆಲ್ಲಾ ಕಾರಣ ಬೇಕು" ಅನ್ನೋದನ್ನ ನಾವು ಕಲಿತಿದ್ದು ಜಗತ್ತಿನ ಒಳಗಿರೋ ವಸ್ತುಗಳನ್ನ ನೋಡಿ. ಒಳಗಿನ ನಿಯಮನ ಇಡೀ ಜಗತ್ತಿಗೇ ಹಾಕ್ಬೋದಾ? ಒಂದು ವಿಕಿರಣಶೀಲ ಪರಮಾಣು ಈ ಕ್ಷಣನೇ ಯಾಕೆ ಒಡೀತು, ಹಿಂದಿನ ಕ್ಷಣ ಯಾಕಲ್ಲ ಅಂದ್ರೆ ಕ್ವಾಂಟಂ ಭೌತಶಾಸ್ತ್ರದಲ್ಲಿ ಸಂಭವದ ಲೆಕ್ಕ ಸಿಗತ್ತೆ, ಆ ಕ್ಷಣಕ್ಕೇ ಅಂತ ಒಂದು ಕಾರಣ ಸಿಗಲ್ಲ.

ಭಟ್ಕಳ_ಬಂದರ್:
ಸಂಭವದ ನಿಯಮನಾದ್ರೂ ಇದೆಯಲ್ಲ? ಆ ನಿಯಮ ಎಲ್ಲಿಂದ ಬಂತು? ಏನೂ ಇಲ್ಲದಿರೋದಕ್ಕಿಂತ ನಿಯಮ ಇರೋ ಜಗತ್ತು ಯಾಕಿದೆ? ನೀವು ಅಲ್ಲಿಗೆ ಬಂದು ನಿಲ್ತೀರ, ನಾನು ಅಲ್ಲಿಂದ ಒಂದು ಹೆಜ್ಜೆ ಮುಂದೆ ಇಡ್ತೀನಿ.

ನಕ್ಷತ್ರಿಕ:
ನೀವು ಇಡೋ ಹೆಜ್ಜೆನ ನಾನು ತಡೆಯಲ್ಲ. ಅದನ್ನ ವಿಜ್ಞಾನದ ಹೆಸರಲ್ಲಿ ಇಡ್ಬೇಡಿ ಅಂತೀನಿ, ಅಷ್ಟೇ.

ಮೇಲುಕೋಟೆ_ಮೆಟ್ಟಿಲು:
ಇಲ್ಲೇ ನಾನು ಹೇಳ್ಬೇಕು ಅಂದ್ಕೊಂಡಿದ್ದು. ಸ್ವಲ್ಪ ಉದ್ದ ಆಗತ್ತೆ.

ತರ್ಕದಿಂದ ದೇವರನ್ನ ಸಿದ್ಧ ಮಾಡ್ಬೋದು ಅಂದೋರು ನಮ್ಮಲ್ಲಿ ನೈಯಾಯಿಕರು, ಅಂದ್ರೆ ನ್ಯಾಯ ದರ್ಶನದ ತಾರ್ಕಿಕರು. 10ನೇ ಶತಮಾನದ ಉದಯನಾಚಾರ್ಯರು ಅದಕ್ಕೇ ಒಂದು ಗ್ರಂಥ ಬರೆದ್ರು. ಮಡಕೆ ನೋಡಿದ್ರೆ ಕುಂಬಾರ ಇದಾನೆ ಅಂತ ಗೊತ್ತಾಗತ್ತೆ, ಹಂಗೇ ಜಗತ್ತು ನೋಡಿದ್ರೆ ಈಶ್ವರ ಗೊತ್ತಾಗ್ತಾನೆ ಅನ್ನೋದು ಅವರ ದಾರಿ. ಸಾಂಖ್ಯರು ಒಪ್ಲಿಲ್ಲ. ವೇದನೇ ಪ್ರಮಾಣ ಅನ್ನೋ ಮೀಮಾಂಸಕ ಕುಮಾರಿಲ ಭಟ್ಟರೂ ಸೃಷ್ಟಿಕರ್ತನ್ನ ಒಪ್ಲಿಲ್ಲ. ಇವೆಲ್ಲಾ ಬಿಡಿ, ಪರಮ ಆಸ್ತಿಕರಾದ ರಾಮಾನುಜಾಚಾರ್ಯರೇ, ಈ ನಮ್ಮ ಬೆಟ್ಟದಲ್ಲಿ ವರ್ಷಗಟ್ಟಲೆ ಇದ್ದೋರು, ಶ್ರೀಭಾಷ್ಯದಲ್ಲಿ ಈ ಮಡಕೆ ವಾದನ ಹಿಡಿದು ಪೂರ್ತಿ ಕೆಡವ್ತಾರೆ. ಬ್ರಹ್ಮಸೂತ್ರದ ಮೂರನೇ ಸೂತ್ರ ಶಾಸ್ತ್ರಯೋನಿತ್ವಾತ್, ಅಂದ್ರೆ ಬ್ರಹ್ಮನನ್ನ ತಿಳಿಯೋಕೆ ಶಾಸ್ತ್ರನೇ ಮೂಲ ಅಂತ, ಅದರ ಭಾಷ್ಯ. ಅವರು ಕೇಳೋದು ನೋಡಿ, ಕುಂಬಾರನಿಗೆ ಮೈ ಇದೆ, ಜಗತ್ತು ಮಾಡಿದೋನಿಗೂ ಮೈ ಇದೆ ಅಂತೀರಾ? ದೊಡ್ಡ ದೊಡ್ಡ ಕಟ್ಟಡ ಎಲ್ಲಾ ಬಹಳ ಜನ ಸೇರಿ ಕಟ್ಟಿದ್ದು, ಹಂಗಾದ್ರೆ ಜಗತ್ತನ್ನೂ ಬಹಳ ಜನ ಸೇರಿ ಮಾಡಿರ್ಬಾರ್ದಾ, ಒಬ್ಬನೇ ಅಂತ ಯಾಕೆ? ಎಲ್ಲಾ ಒಂದೇ ಸಲ ಆಯ್ತು ಅಂತ ಹೇಳಿದ್ಯಾರು? ಇಂಗ್ಲೆಂಡು ಸ್ಕಾಟ್ಲೆಂಡು ಕಡೆ ಡೇವಿಡ್ ಹ್ಯೂಮ್ ಅನ್ನೋ ತತ್ವಜ್ಞಾನಿ ಇಂಥದೇ ಪ್ರಶ್ನೆಗಳನ್ನ ಎತ್ತಿದ ಪುಸ್ತಕ ಬಂದಿದ್ದು 1779ರಲ್ಲಿ.

ಅಂದ್ರೆ ತರ್ಕದಿಂದ ದೇವರು ಸಿದ್ಧ ಆಗಲ್ಲ ಅಂತ ಹೇಳಿದ್ದು ಭಕ್ತರೇ. ಉಡುಪಿಯ ಮಧ್ವಾಚಾರ್ಯರು ರಾಮಾನುಜರ ಎಷ್ಟೋ ಮಾತು ಒಪ್ಪಲ್ಲ, ಆದ್ರೆ ಇದರಲ್ಲಿ ಅವರೂ ಹೇಳೋದು ಅದೇ, ಅವನು ಸದಾಗಮದಿಂದ, ಅಂದ್ರೆ ವೇದದಂಥ ಸರಿಯಾದ ಶಾಸ್ತ್ರದಿಂದ ಮಾತ್ರ ತಿಳಿಯೋನು ಅಂತ. ಹೀಗಿರೋವಾಗ ಈಗಿನೋರು ವಾಟ್ಸಾಪ್‌ನಲ್ಲಿ "ವಿಜ್ಞಾನ ದೇವರನ್ನ ಸಾಬೀತು ಮಾಡ್ತು" ಅಂತ ಕಳ್ಸಿದಾಗ ನನಗೆ ನಿಜವಾಗ್ಲೂ ನೋವಾಗತ್ತೆ. ನಮ್ಮ ಆಚಾರ್ಯರು ಬೇಡ ಅಂದ ಬಾಗಿಲು ಅದು.

ಧಾರವಾಡದ_ಮಾಸ್ತರ:
ಭಾಳ ಛಲೋ ಬರದ್ರಿ. ಆದ್ರ ನನ್ನ ಪ್ರಶ್ನೆ ಇಲ್ಲೇ ಸುರು ಆಗ್ತದ. ತರ್ಕದಿಂದ ಆಗೂದಿಲ್ಲ, ಶಾಸ್ತ್ರದಿಂದ ಅಂತೀರಿ. ನಿಮಗ ವೇದ, ಭಟ್ಕಳದವರಿಗೆ ಕುರಾನು, ಟೊರಾಂಟೋದವರು ಹೇಳಿದ ಪಾದ್ರಿಗೆ ಬೈಬಲ್ಲು, ಬೆಳಗೊಳದವರಿಗೆ ಆಗಮ. ನಾಕೂ ಮಂದಿ ನಾಕು ಹೇಳ್ತಾರ. ಯಾವ ಶಾಸ್ತ್ರ ಖರೆ ಅಂತ ತೀರ್ಮಾನ ಮಾಡ್ಲಿಕ್ಕೆ ಮತ್ತ ತರ್ಕನ ಬೇಕಲ್ರಿ?

ಮೇಲುಕೋಟೆ_ಮೆಟ್ಟಿಲು:
ಬೇಕು. ಆ ಪ್ರಶ್ನೆಗೆ ನನ್ನ ಹತ್ರ ನಿಮ್ಮನ್ನ ಒಪ್ಪಿಸೋ ಉತ್ತರ ಇಲ್ಲ. ನನಗೆ ಅದು ಪರಂಪರೆಯಿಂದ, ಗುರುಗಳ ಬದುಕನ್ನ ಕಣ್ಣಾರೆ ನೋಡಿದ್ರಿಂದ ಬಂದಿದ್ದು.

ಕುಡ್ಲದ_ಕಡಲು:
ನೀವೆಲ್ಲ ತುಂಬಾ ಮೇಲಿನ ದೇವರ ಬಗ್ಗೆ ಮಾತಾಡ್ತಾ ಇದ್ದೀರಿ ಮಾರಾಯ್ರೆ. ನಮ್ಮ ತುಳುನಾಡಿನಲ್ಲಿ ದೈವಗಳಿಗೆ ಹುಟ್ಟು ಉಂಟು! ಹುಟ್ಟಿದ ಮನೆ, ಅಪ್ಪ ಅಮ್ಮ, ಸತ್ತ ಕಾರಣ ಎಲ್ಲ ಉಂಟು. ನೇಮ, ಅಂದರೆ ದೈವದ ಕೋಲ, ಆಗುವಾಗ ಪಾಡ್ದನ ಅನ್ನುವ ಹಾಡುಕಥೆಯಲ್ಲಿ ಹೇಳುವುದೇ ಅದನ್ನು. ಕಲ್ಕುಡ ಕಲ್ಲುರ್ಟಿ ಕಥೆ ಗೊತ್ತುಂಟಾ? ಕಾರ್ಕಳದ ಗೊಮ್ಮಟ ನಿಲ್ಲಿಸಿದ್ದು 1432ರಲ್ಲಿ. ಪಾಡ್ದನದ ಪ್ರಕಾರ ಅದನ್ನು ಕೆತ್ತಿದ ಶಿಲ್ಪಿ ಕಲ್ಕುಡ, ಇಂಥದ್ದು ಬೇರೆ ಎಲ್ಲಿಯೂ ಕೆತ್ತಬಾರದು ಅಂತ ಭೈರರಸ ಅವನ ಒಂದು ಕೈ ಒಂದು ಕಾಲು ಕಡಿಸಿದ. ಅವನ ತಂಗಿ ಕಲ್ಲುರ್ಟಿ ಅಣ್ಣನ ಅವಸ್ಥೆ ನೋಡಿ ಸಿಟ್ಟಾದಳು, ಆಮೇಲೆ ಇಬ್ಬರೂ ದೈವ ಆದರು, ಅರಸನ ಮೇಲೆ ಸೇಡು ತೀರಿಸಿದರು. ಕೋಟಿ ಚೆನ್ನಯರೂ ಹಾಗೆಯೇ, ಬದುಕಿ ಹೋರಾಡಿ ಸತ್ತವರು, ಇವತ್ತು ಗರಡಿಗಳಲ್ಲಿ ಪೂಜೆ.

ನಮ್ಮ ಅಜ್ಜಿಗೆ "ದೈವವನ್ನು ಮಾಡಿದ್ದು ಯಾರು" ಅಂತ ಕೇಳಿದರೆ ಗೊಂದಲವೇ ಇಲ್ಲ, ಅನ್ಯಾಯ ಮಾಡಿದ್ದು, ಅದಕ್ಕೇ ದೈವ ಆದದ್ದು ಅಂತ ಹೇಳ್ತಾರೆ. ವಿಶ್ವ ಹೇಗೆ ಶುರುವಾಯ್ತು ಅಂತ ಹೇಳುವುದು ಆ ದೈವದ ಕೆಲಸವೇ ಅಲ್ಲ. ಜಾಗದ ತಕರಾರಿಗೆ ನ್ಯಾಯ ಹೇಳುವುದು, ಮನೆಯವರು ಒಟ್ಟು ಸೇರುವ ಹಾಗೆ ಮಾಡುವುದು ಅದರ ಕೆಲಸ.

ಶಿರಾ_ಸೀಮೆ:
ಅರೆ ಹೌದು, ನಮ್ಮ ಕಡೆ ಜುಂಜಪ್ಪನೂ ಹಂಗೇ! ಕಾಡುಗೊಲ್ಲರ ವೀರ, ದನ ಕಾಯ್ತಿದ್ದೋನು, ಸೋದರಮಾವಂದ್ರು ವಿಷ ಹಾಕಿದ್ರು ಅಂತ ಹಾಡ್ತಾರೆ, ರಾತ್ರಿಯೆಲ್ಲಾ ಗಣೆ ಅನ್ನೋ ಉದ್ದ ಕೊಳಲು ಊದ್ಕೊಂಡು ಹೇಳೋ ಕಥೆ. ಪ್ರಶ್ನೆ ಕೇಳೋವಾಗ ಇವ್ರೆಲ್ಲಾ ನನ್ನ ತಲೇಲೇ ಇರ್ಲಿಲ್ಲ ನೋಡಿ.

ಕಾಫಿತೋಟ:
ನಮ್ಮಲ್ಲಿ ಮಾದಪ್ಪ, ಮಂಟೇಸ್ವಾಮಿ ಕಥೆನೂ ರಾತ್ರಿಯೆಲ್ಲಾ ಹಾಡ್ತಾರೆ. ಚಿಕ್ಕಲ್ಲೂರು ಜಾತ್ರೆಗೆ ಒಂದ್ಸಲ ಬನ್ನಿ, ಮಂಟೇಸ್ವಾಮಿ ಕಥೆ ಹಾಡೋ ನೀಲಗಾರರು ಧರೆಗೆ ದೊಡ್ಡವರ ಪದ ಎತ್ತಿದ್ರೆ ಮೈ ಜುಮ್ ಅನ್ನತ್ತೆ. ಅದರಲ್ಲಿ ಸೃಷ್ಟಿ ಕಥೆನೂ ಬರತ್ತೆ.

ಬರೀ_ಓದುಗ:
ನೋಡಿ ನಾನು ಮೊದಲೇ ಹೇಳಿದ್ದು ಇದನ್ನೇ. ಮನುಷ್ಯರು ಸತ್ತೋರನ್ನ ದೇವ್ರು ಮಾಡಿದಾರೆ.

ಕುಡ್ಲದ_ಕಡಲು:
@ಬರೀ_ಓದುಗ ನೀವು ಅದನ್ನು ಸಣ್ಣ ಮಾಡುವ ಹಾಗೆ ಹೇಳ್ತೀರಿ, ನಾನು ದೊಡ್ಡ ಮಾಡ್ಲಿಕ್ಕೆ ಹೇಳಿದ್ದು. ಅರಸನ ಹತ್ತಿರ ನ್ಯಾಯ ಸಿಗದವರಿಗೆ ಸತ್ತ ಮೇಲಾದರೂ ಊರೇ ಎದ್ದು ನಿಂತು ಗೌರವ ಕೊಟ್ಟದ್ದು ಸಣ್ಣ ಸಂಗತಿಯಾ?

ಹತ್ತನೇ_ವಾರ್ಡ್:
ನಾನು ನರ್ಸು. ಫಿಲಾಸಫಿ ಗೊತ್ತಿಲ್ಲ, ನೋಡಿದ್ದು ಹೇಳ್ತೀನಿ. ವಾರ್ಡಲ್ಲಿ ತಾಯತ ಇಲ್ದಿರೋ ಪೇಶೆಂಟ್ ಕಡಿಮೆ. ಆಪರೇಷನ್‌ಗೆ ಮುಂಚೆ ಡಾಕ್ಟ್ರೇ ಕಣ್ಮುಚ್ಚಿ ಕೈ ಮುಗಿಯೋದು ನೋಡಿದೀನಿ, ಅದರಿಂದ ಅವರ ಕೈ ಕೆಟ್ಟದಾಗಿ ಕೆಲಸ ಮಾಡಲ್ಲ. ನನಗೆ ಸಿಟ್ಟು ಬರೋದು ಒಂದೇ ಜಾಗದಲ್ಲಿ. ಕೊಳಕುಮಂಡಲ ಕಚ್ಚಿದ ಒಬ್ಬ ಹುಡುಗನ್ನ ಮೊದಲು ಮಂತ್ರ ಹಾಕ್ಸೋಕೆ ಕರ್ಕೊಂಡೋಗಿ ಅರ್ಧ ದಿನ ಕಳೆದು ನಮ್ಮ ಹತ್ರ ತಂದ್ರು. ಅಷ್ಟೊತ್ತಿಗೆ ಒಸಡಲ್ಲಿ ರಕ್ತ, ಮೂತ್ರದಲ್ಲಿ ರಕ್ತ. ವಿಷಕ್ಕೆ ಪ್ರತಿವಿಷದ ಇಂಜೆಕ್ಷನ್ ಬಿಟ್ರೆ ಬೇರೆ ಮದ್ದಿಲ್ಲ, ಅದೂ ಬೇಗ ಬಿದ್ದಷ್ಟು ಒಳ್ಳೇದು. ಅವನ ಕಿಡ್ನಿ ಹೋಯ್ತು, ಡಯಾಲಿಸಿಸ್ ಮಾಡ್ಬೇಕಾಯ್ತು.

ಮಂತ್ರದಿಂದ ಉಳಿದೋರು ಇದಾರಲ್ಲ ಅಂತ ಜನ ಕೇಳ್ತಾರೆ. ಇದಾರೆ, ಯಾಕಂದ್ರೆ ಸುಮಾರು ಹಾವುಗಳಿಗೆ ವಿಷನೇ ಇಲ್ಲ, ವಿಷ ಇರೋ ಹಾವೂ ಎಷ್ಟೋ ಸಲ ಕಚ್ಚಿದ್ರೂ ವಿಷ ಬಿಡಲ್ಲ. ಅವ್ರು ಮಂತ್ರ ಇಲ್ದಿದ್ರೂ ಉಳೀತಿದ್ರು. ದಯವಿಟ್ಟು ಓದೋರೆಲ್ಲಾ ನೆನಪಿಟ್ಕೊಳಿ, ಹಾವು ಕಚ್ಚಿದ್ರೆ ಕಟ್ಟೋದು ಕುಯ್ಯೋದು ಮಾಡ್ಬೇಡಿ, ಕೈಕಾಲು ಅಲ್ಲಾಡಿಸದ ಹಾಗೆ ಇಟ್ಟು ನೇರ ಆಸ್ಪತ್ರೆಗೆ ತನ್ನಿ, ದೇವರ ಹೆಸರು ಆಂಬುಲೆನ್ಸಲ್ಲಿ ಹೇಳ್ಕೊಳಿ.

ಧಾರವಾಡದ_ಮಾಸ್ತರ:
ಇದು ಎಲ್ಲಾರೂ ಓದಬೇಕಾದ ಮಾತು.

ಬಸವನಗುಡಿ_ಬೈಟು:
ನರ್ಸಮ್ಮ ಹೇಳಿದ್ದು ಓದಿ ಎಚ್ಚೆನ್ ನೆನಪಾದ್ರು. ಎಚ್. ನರಸಿಂಹಯ್ಯನವರು, ಗೌರಿಬಿದನೂರು ಕಡೆಯ ಹಳ್ಳಿಯಿಂದ ಬಂದು ಭೌತಶಾಸ್ತ್ರದಲ್ಲಿ ಅಮೆರಿಕದಲ್ಲಿ ಡಾಕ್ಟರೇಟ್ ಮಾಡಿ ಬಂದೋರು, ಕೊನೆವರೆಗೂ ಖಾದಿ, ನ್ಯಾಷನಲ್ ಕಾಲೇಜ್ ಹಾಸ್ಟೆಲ್ಲಲ್ಲೇ ವಾಸ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದ್ರು, ಸತ್ಯ ಸಾಯಿ ಬಾಬಾ ಅವರಿಗೆ ಪತ್ರ ಬರೆದು ನಿಯಂತ್ರಿತ ವಾತಾವರಣದಲ್ಲಿ ತೋರಿಸಿ ಅಂತ ಕೇಳಿದ್ರು. ಬಾಬಾ ಒಪ್ಲಿಲ್ಲ. ಅವರು ಕೇಳಿದ್ದು ದೇವರಿದ್ದಾನಾ ಅಂತ ಅಲ್ಲ ನೋಡಿ, ಗಾಳಿಯಿಂದ ಉಂಗುರ ಬರತ್ತೆ ಅಂತೀರಲ್ಲ, ಅದನ್ನ ತೋರಿಸಿ ಅಂತ. ಆ ಗೆರೆನ ಅಷ್ಟು ಸರಿಯಾಗಿ ಎಳೆದೋರು ಕಮ್ಮಿ. ವೈಜ್ಞಾನಿಕ ಮನೋಭಾವ ಬೆಳೆಸೋದು ನಾಗರಿಕರ ಮೂಲಭೂತ ಕರ್ತವ್ಯ ಅಂತ ಸಂವಿಧಾನಕ್ಕೆ ಸೇರಿದ್ದೂ ಅದೇ 1976ರ 42ನೇ ತಿದ್ದುಪಡಿಯಲ್ಲಿ.

ನಕ್ಷತ್ರಿಕ:
@ಬಸವನಗುಡಿ_ಬೈಟು ಸೇರಿಸ್ತೀನಿ. ನಾರ್ಳೀಕರ್ ಮಹಾರಾಷ್ಟ್ರದಲ್ಲಿ ಜಾತಕದ ಮೇಲೆ ಒಂದು ಪರೀಕ್ಷೆ ನಡೆಸಿದ್ರು, ಅದರಲ್ಲಿ ಮೂಢನಂಬಿಕೆ ವಿರುದ್ಧ ಹೋರಾಡ್ತಿದ್ದ ನರೇಂದ್ರ ದಾಭೋಲ್ಕರ್ ಕೂಡ ಇದ್ರು. ಚೆನ್ನಾಗಿ ಓದೋ 100 ಮಕ್ಕಳದು, ಬುದ್ಧಿಮಾಂದ್ಯತೆ ಇರೋ 100 ಮಕ್ಕಳದು ಜಾತಕ ತಗೊಂಡು ಕಲಸಿ, 27 ಜ್ಯೋತಿಷಿಗಳಿಗೆ ತಲಾ 40 ಕೊಟ್ಟು ಯಾವ್ದು ಯಾರ್ದು ಹೇಳಿ ಅಂದ್ರು. ಸರಾಸರಿ 46% ಸರಿ ಬಂತು. ಕಣ್ಮುಚ್ಚಿ ಹೇಳಿದ್ರೂ 50% ಬರ್ಬೇಕು. ಲೋಕದ ಬಗ್ಗೆ ಯಾರಾದ್ರೂ ಗಟ್ಟಿ ಮಾತು ಹೇಳಿದ್ರೆ ಹೀಗೆ ಅಳೆದು ನೋಡ್ಬೋದು. "ಅನಾದಿಯಾದ ದೇವರು" ಅಳತೆಗೆ ಸಿಗಲ್ಲ, ಅವನ ಹೆಸರಲ್ಲಿ ಮಾಡೋ ಹೇಳಿಕೆಗಳು ಸಿಗ್ತವೆ.

ಶ್ವೇತವರಾಹ:
ಹಂಗಾದ್ರೆ ಇಸ್ರೋ ಅಧ್ಯಕ್ಷರು ರಾಕೆಟ್ ಮಾದರಿ ತಗೊಂಡು ತಿರುಪತಿಗೆ ಯಾಕೆ ಹೋಗ್ತಾರೆ? ಅವರಿಗಿಂತ ದೊಡ್ಡ ವಿಜ್ಞಾನಿಗಳಾ ನೀವು?

ಟೊರಾಂಟೋ_ಕನ್ನಡಿಗ:
ಹೋಗ್ಲಿ ಬಿಡಿ, ಅವರ ಮನಸ್ಸಿನ ಧೈರ್ಯ ಅದು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿದಿದ್ದು ಹಿಂದಿನ ಸಲ 2019ರಲ್ಲಿ ಏನು ಕೆಟ್ಟಿತ್ತು ಅಂತ ಹುಡುಕಿ ಕಾಲು ಗಟ್ಟಿ ಮಾಡಿ, ಸಾಫ್ಟ್‌ವೇರ್ ತಿದ್ದಿ, ಇಂಧನ ಜಾಸ್ತಿ ಇಟ್ಟಿದ್ದಕ್ಕೆ. ಎರಡೂ ಸಲ ಪೂಜೆ ಆಗಿತ್ತು. 1979ರ ಭೌತಶಾಸ್ತ್ರದ ನೊಬೆಲ್ ನೋಡಿ, ಒಂದೇ ಕೆಲಸಕ್ಕೆ ಮೂರು ಜನಕ್ಕೆ ಬಂತು. ಅದರಲ್ಲಿ ಅಬ್ದುಸ್ ಸಲಾಂ ಐದು ಹೊತ್ತಿನ ನಂಬಿಕಸ್ತ, ಸ್ಟೀವನ್ ವೈನ್‌ಬರ್ಗ್ ಪಕ್ಕಾ ನಾಸ್ತಿಕ. ಇಬ್ರೂ ಬೇರೆ ಬೇರೆ ಕೂತು ಒಂದೇ ಸಮೀಕರಣಕ್ಕೆ ಬಂದ್ರು.

ಭಟ್ಕಳ_ಬಂದರ್:
ಸಲಾಂ ಅವರ ಹೆಸರು ತೆಗೆದಿದ್ದಕ್ಕೆ ಒಂದು ಮಾತು. ಅವರು ಅಹ್ಮದಿಯಾ ಪಂಗಡದೋರು, ಪಾಕಿಸ್ತಾನ 1974ರಲ್ಲಿ ಅವರ ಪಂಗಡನ ಮುಸ್ಲಿಮರೇ ಅಲ್ಲ ಅಂತ ಕಾನೂನು ಮಾಡ್ತು. ಅವರ ಗೋರಿ ಕಲ್ಲಿನ ಮೇಲೆ "ಮೊದಲ ಮುಸ್ಲಿಂ ನೊಬೆಲ್ ವಿಜೇತ" ಅಂತ ಇದ್ದ ಕಡೆ "ಮುಸ್ಲಿಂ" ಅನ್ನೋ ಶಬ್ದನ ಅಳಿಸಿಬಿಟ್ರು. ವಿಜ್ಞಾನ ಅವರ ನಂಬಿಕೆಗೆ ಯಾವ ತೊಂದ್ರೆನೂ ಕೊಡ್ಲಿಲ್ಲ, ತೊಂದ್ರೆ ಕೊಟ್ಟಿದ್ದು ನಂಬಿಕೆಯೋರೇ. ಓದಿದಾಗೆಲ್ಲಾ ಬೇಜಾರಾಗತ್ತೆ.

ಕಾಫಿತೋಟ:
ಗ್ರಹಣದ ವಿಷಯ ಯಾರೂ ತೆಗೀಲಿಲ್ವಲ್ಲ. 2019 ಡಿಸೆಂಬರ್ 26ರ ಕಂಕಣ ಗ್ರಹಣ ನಮ್ಮ ದಕ್ಷಿಣ ಕೊಡಗಿನಲ್ಲಿ ಪೂರ್ತಿ ಕಾಣ್ತು, ಎಲ್ಲೆಲ್ಲಿಂದಲೋ ಜನ ಟೆಲಿಸ್ಕೋಪ್ ಹೊತ್ಕೊಂಡು ಬಂದಿದ್ರು. ಅದೇ ದಿನ ಕಲಬುರಗಿ ಕಡೆ ಅಂಗವೈಕಲ್ಯ ಇರೋ ಮಕ್ಕಳನ್ನ ವಾಸಿ ಆಗತ್ತೆ ಅಂತ ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ರು ಅಂತ ಟೀವಿಲಿ ಬಂತು. ಅಧಿಕಾರಿಗಳು ಹೋಗಿ ಬಿಡಿಸಿದ್ರಂತೆ. ಆ ಅಪ್ಪ ಅಮ್ಮಂದ್ರನ್ನ ಬೈಯೋಕೆ ನಂಗೆ ಮನಸ್ಸು ಬರಲ್ಲ, ಮಗುಗೆ ಫಿಸಿಯೋಥೆರಪಿ ಕೊಡ್ಸೋ ಜಾಗ ಎಷ್ಟು ದೂರ ಇತ್ತೋ ಏನೋ.

ಹತ್ತನೇ_ವಾರ್ಡ್:
@ಕಾಫಿತೋಟ ನೀವು ಹೇಳಿದ್ದು ನಿಜ. ಹತ್ರ ಆಸ್ಪತ್ರೆ ಇದ್ದು, ಅಲ್ಲಿ ಮರ್ಯಾದೆಯಿಂದ ಮಾತಾಡಿಸಿದ್ರೆ ಜನ ಬಂದೇ ಬರ್ತಾರೆ. ಬೈದ್ರೆ ಮತ್ತೆ ಮಂತ್ರದೋರ ಹತ್ರನೇ ಹೋಗ್ತಾರೆ.

ಶಿರಾ_ಸೀಮೆ:
ಭಾವನ ಹತ್ರ ಕೇಳ್ದೆ, "ನಿಮ್ಮ ಅನಾದಿನ ಬೀಳಿಸೋ ಅಳತೆ ಯಾವ್ದು" ಅಂತ. ಸ್ವಲ್ಪ ಹೊತ್ತು ಯೋಚನೆ ಮಾಡಿ "ಅಂಥದ್ದು ಇಲ್ಲ, ಇರೋದೂ ಬೇಡ, ನಾನು ಅವನನ್ನ ಲೆಕ್ಕಕ್ಕೆ ಇಟ್ಕೊಂಡಿಲ್ಲ, ಕಷ್ಟದಲ್ಲಿ ಕರೆಯೋಕೆ ಇಟ್ಕೊಂಡಿದೀನಿ" ಅಂದ್ರು. ನಂಗೆ ಆ ಉತ್ತರ ಹಿಡಿಸ್ತು. ಹಂಗಂದ್ಮೇಲೆ "ಜಗತ್ತು ಮಾಡಿದೋನು ಒಬ್ಬ ಇರ್ಲೇಬೇಕು" ಅನ್ನೋ ವಾದ ಇನ್ಮೇಲೆ ಬಳಸ್ಬೇಡಿ ಅಂದೆ. ಅದಕ್ಕೆ ಒಪ್ತಿಲ್ಲ, ವಾದ ನಡೀತಾ ಇದೆ. @ಮೇಲುಕೋಟೆ_ಮೆಟ್ಟಿಲು ಅವ್ರೇ, ಆ ರಾಮಾನುಜರ ಭಾಗ ಕನ್ನಡದಲ್ಲಿ ಸಿಗತ್ತಾ? ನಾಸದೀಯ ಸೂಕ್ತದಲ್ಲೂ ಇದರ ಬಗ್ಗೆ ಏನೋ ಇದೆ ಅಂತಾರಲ್ಲ, ಅದೂ ಹೇಳಿ.

ಮೇಲುಕೋಟೆ_ಮೆಟ್ಟಿಲು:
ಶ್ರೀಭಾಷ್ಯ ಒಬ್ರೇ ಓದೋಕೆ ಹೋದ್ರೆ ಕಷ್ಟ, ಎದುರಾಳಿಯ ವಾದ (ಪೂರ್ವಪಕ್ಷ) ಯಾವ್ದು, ಅವರ ಸ್ವಂತ ನಿಲುವು (ಸಿದ್ಧಾಂತ) ಯಾವ್ದು ಅಂತ ಗೊತ್ತಾಗ್ದೆ ಸಿಕ್ಕಾಕ್ಕೋತೀರ. ಗೊತ್ತಿರೋರ ಹತ್ರ ಕೂತು ಮೊದಲ ನಾಲ್ಕು ಸೂತ್ರ ಓದಿ, ಸಾಕು.

ನಾಸದೀಯ ಋಗ್ವೇದದ 10ನೇ ಮಂಡಲದ 129ನೇ ಸೂಕ್ತ, ಏಳೇ ಮಂತ್ರ. ಆರನೇದರಲ್ಲಿ ದೇವತೆಗಳೇ ಈ ಸೃಷ್ಟಿಯಾದ ಮೇಲೆ ಬಂದೋರು, ಹಂಗಾದ್ರೆ ಇದು ಎಲ್ಲಿಂದ ಆಯ್ತು ಅಂತ ಯಾರಿಗೆ ಗೊತ್ತು ಅನ್ನತ್ತೆ. ಏಳನೇದು ಇನ್ನೂ ಮುಂದೆ ಹೋಗಿ, ಪರಮ ವ್ಯೋಮದಲ್ಲಿ ಕೂತು ಇದನ್ನ ನೋಡ್ತಿರೋನಿಗೆ ಗೊತ್ತಿರ್ಬೋದು, ಅವನಿಗೂ ಗೊತ್ತಿಲ್ದೇ ಇರ್ಬೋದು ಅಂತ ನಿಲ್ಸತ್ತೆ. ನಾನು ದಿನಾ ಪಾರಾಯಣ ಮಾಡೋ ವೇದದಲ್ಲೇ ಇರೋ ಮಾತಿದು. @ಶ್ವೇತವರಾಹ ನೀವೂ ಒಂದ್ಸಲ ಸಾಯಣರು ವೇದಕ್ಕೆ ಬರೆದ ಭಾಷ್ಯದ ಜೊತೆ ನೋಡಿ, ಆಮೇಲೆ ಮಾತಾಡೋಣ.

ಶ್ವೇತವರಾಹ:
ನೋಡ್ತೀನಿ. ಆದ್ರೆ ಸಾಯಣರು ಆ ಕೊನೆ ಸಾಲನ್ನ ಸಂಶಯ ಅಂತ ಬಿಡಲ್ಲ, ಅವನೊಬ್ಬನಿಗೇ ಗೊತ್ತು, ಬೇರೆ ಯಾರಿಗೂ ಗೊತ್ತಾಗಲ್ಲ ಅಂತ ತಾತ್ಪರ್ಯ ಮಾಡ್ತಾರೆ ಅಂತ ಕೇಳಿದೀನಿ. ಅದನ್ನೂ ಹೇಳಿ ಮತ್ತೆ.

ಧಾರವಾಡದ_ಮಾಸ್ತರ:
ಇದಕ್ಕ ಬ್ಯಾರೆ ಥ್ರೆಡ್ ತಗೀರಿ, ನಾನೂ ಬರ್ತೇನಿ. ಮಂತ್ರ ಪೂರ್ತಿ ಹಾಕ್ರಿ, ಒಂದೊಂದ ಶಬ್ದ ಬಿಡಿಸಿ.

ಕಾಫಿತೋಟ:
@ನಕ್ಷತ್ರಿಕ ಮುಂದಿನ ಕಂಕಣ ಗ್ರಹಣ ನಮ್ಮ ಕಡೆ ಯಾವಾಗ?

ನಕ್ಷತ್ರಿಕ:
2031 ಮೇ 21. ದಾರಿ ಕೇರಳ, ತಮಿಳುನಾಡು ಮೇಲೆ ಹೋಗತ್ತೆ, ನಮ್ಮ ಕರ್ನಾಟಕದೋರಿಗೆ ಪಾರ್ಶ್ವ. ಸೋಲಾರ್ ಫಿಲ್ಟರ್ ಕನ್ನಡಕ ಇಲ್ದೆ ನೋಡ್ಬೇಡಿ, ಎಕ್ಸ್‌ರೇ ಫಿಲ್ಮೂ ಬೇಡ.